ತಿರುಗಿ ಹೇಳಿಸುವ ಕೆಲಸ

ನನ್ನ ಕೆಲಸಕ್ಕೆ ಸರಿಯಾದ ಹೆಸರೇ ಇರಲಿಲ್ಲ. ನೇಮಕದ ಕಾಗದದಲ್ಲಿ ಆರೋಗ್ಯ ಶಿಕ್ಷಕಿ ಎಂದಿತ್ತು. ವಾರ್ಡಿನ ನರ್ಸುಗಳು ‘ಮಾತಿನಕ್ಕ’ ಎನ್ನುತ್ತಿದ್ದರು. ಕಾರ್ಕಳದಲ್ಲಿ ನನ್ನ ಅಮ್ಮ ನೆರೆಕರೆಯವರಿಗೆಲ್ಲ, “ಮಗಳಿಗೆ ಮಣಿಪಾಲದಲ್ಲಿ ಡಾಕ್ಟ್ರ ಹತ್ತಿರ ಮಾತಾಡುವ ಕೆಲಸ” ಎಂದು ಹೇಳುತ್ತಿದ್ದಳು. ಅದಕ್ಕೂ ಸಂಬಳ ಕೊಡುತ್ತಾರಾ ಎಂದು ಯಾರಾದರೂ ಕೇಳಿದರೆ ಅವಳಿಗೆ ಸಿಟ್ಟು ಬರುತ್ತಿತ್ತು.

ಆಗ ಎಪ್ಪತ್ತರ ದಶಕದ ನಡುಭಾಗ. ಗುಡ್ಡದ ಮೇಲಿನ ಆಸ್ಪತ್ರೆಗೆ ಡಾಕ್ಟರುಗಳು ದೇಶದ ಎಲ್ಲ ಮೂಲೆಗಳಿಂದ ಬರುತ್ತಿದ್ದರು. ರೋಗಿಗಳು ಕಾಪು, ಶಿರ್ವ, ಎಲ್ಲೂರು, ಕಾರ್ಕಳದಿಂದ ಬರುತ್ತಿದ್ದರು. ಅವರ ಬಾಯಲ್ಲಿ ತುಳು, ಕೊಂಕಣಿ, ಬ್ಯಾರಿ. ಡಾಕ್ಟರ ಬಾಯಲ್ಲಿ ಇಂಗ್ಲಿಷು, ಅದೂ ಪುಸ್ತಕದ ಇಂಗ್ಲಿಷು. ಡಾಕ್ಟರು ಮಂಚದ ಬಳಿ ನಿಂತು ಎರಡು ಮಾತು ಹೇಳಿ ಮುಂದಿನ ಮಂಚಕ್ಕೆ ಹೋದ ಮೇಲೆ, ನಾನು ಸ್ಟೂಲು ಎಳೆದುಕೊಂಡು ಕೂತು ಆ ಎರಡು ಮಾತನ್ನು ಅರ್ಧ ಗಂಟೆ ಬಿಡಿಸಿ ಹೇಳಬೇಕು. ಲಿವರ್ ಎಂದರೆ ಎಂತ, ಅದು ಎಲ್ಲಿ ಉಂಟು, ಅದು ಇಲ್ಲದೆ ಆಗುವುದಿಲ್ಲವಾ. ಇಷ್ಟೇ ನನ್ನ ಕೆಲಸ.

ಈಗ ಈ ಕೆಲಸಕ್ಕೆ ಸೇರುವ ಹುಡುಗಿಯರು ಕೆಲವೊಮ್ಮೆ ನನ್ನನ್ನು ನೋಡಲು ಬರುತ್ತಾರೆ. ಅವರ ಫೋನಿನಲ್ಲಿ ಬಣ್ಣದ ಹೃದಯ ಗಿರಗಿರ ತಿರುಗುತ್ತದೆ. ಚೆನ್ನಾಗಿದೆ, ನನಗೂ ನೋಡಲು ಆಸೆಯೇ. ಆದರೆ “ನಾವು ಪೇಷೆಂಟಿಗೆ ಎಲ್ಲ ವಿವರಿಸಿದೆವು ಮೇಡಂ” ಎಂದು ಅವರು ಹೇಳಿದಾಗ ನನ್ನ ಮೈ ಉರಿಯುತ್ತದೆ. ವಿವರಿಸಿದ್ದು ನೀವು. ತಿಳಿದುಕೊಂಡದ್ದು ಯಾರು? ಅದಕ್ಕಾಗಿ ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ನನ್ನ ಮೇಲಿನವರು ಮಕ್ಕಳ ವಿಭಾಗದ ಡಾಕ್ಟರು, ಆದರೆ ನನ್ನ ಕೆಲಸ ನೋಡಲು ದೊಡ್ಡವರ ವಾರ್ಡುಗಳಿಗೂ ಬರುತ್ತಿದ್ದರು. ಭಾರ್ಗವ ಎಂದು ಇಟ್ಟುಕೊಳ್ಳಿ, ನಿಜವಾದ ಹೆಸರು ಬೇಡ. ಉತ್ತರದ ಕಡೆಯವರು, ತೆಳ್ಳಗೆ, ಉದ್ದಕ್ಕೆ, ಸದಾ ಮುಖ ಸಿಂಡರಿಸಿಕೊಂಡೇ ಇರುವವರು. ಅವರಿಗೆ ಬರುತ್ತಿದ್ದ ಕನ್ನಡ ಎರಡೇ ಪದ: “ತಿರುಗಿ ಹೇಳಿ.” ನಾನು ರೋಗಿಗೆ ಎಲ್ಲ ಹೇಳಿ ಮುಗಿಸಿದ ಮೇಲೆ ಅವರು ಬಂದು ರೋಗಿಯ ಮುಖ ನೋಡಿ “ತಿರುಗಿ ಹೇಳಿ” ಎನ್ನುತ್ತಿದ್ದರು. ರೋಗಿ ತನ್ನ ಸ್ವಂತ ಮಾತಿನಲ್ಲಿ ಹೇಳಬೇಕು. ನಾನು ಹೇಳಿದ್ದನ್ನೇ ಗಿಳಿಪಾಠ ಒಪ್ಪಿಸಿದರೆ ಅವರಿಗೆ ಆಗುತ್ತಿರಲಿಲ್ಲ. ಸರಿ ಬಾರದಿದ್ದರೆ ಬೈಗುಳ ಬೀಳುತ್ತಿದ್ದದ್ದು ನನಗೆ. ಊರವರೆಲ್ಲ ಅವರಿಗೆ ‘ತಿರುಗಿಹೇಳಿ ಡಾಕ್ಟ್ರು’ ಎಂದು ಹೆಸರಿಟ್ಟಿದ್ದರು, ಅದು ಅವರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಕೆಲಸಕ್ಕೆ ಸೇರಿದ ದಿನ ಅವರು ನನಗೆ ಪದಗಳ ಪುಸ್ತಕ ಕೊಡುತ್ತಾರೆ ಎಂದುಕೊಂಡಿದ್ದೆ. ಕೊಡಲಿಲ್ಲ. “ಕಾಣದ ವಸ್ತುವಿನ ಬಗ್ಗೆ ಮಾತಾಡಬೇಡ” ಎಂದು ಇಂಗ್ಲಿಷಿನಲ್ಲಿ ಗದರಿ, ವಿದ್ಯಾರ್ಥಿಗಳು ದೇಹ ಬಿಡಿಸಿ ಕಲಿಯುವ ಕಟ್ಟಡಕ್ಕೆ ಕಳಿಸಿದರು. ಸೀರೆಯ ಸೆರಗನ್ನು ಮೂಗಿಗೆ ಒತ್ತಿಕೊಂಡು ಒಳಗೆ ಹೋದೆ. ಕಣ್ಣು ಉರಿಯುವ ಔಷಧದ ವಾಸನೆ. ಗೋಡೆಯ ಉದ್ದಕ್ಕೂ ಗಾಜಿನ ಜಾಡಿಗಳು. ಓಡಿಹೋಗಬೇಕು ಅನ್ನಿಸಿದ್ದು ನಿಜ. ಆದರೆ ಮೊದಲನೆಯ ಜಾಡಿಯ ಎದುರು ನಿಂತವಳು ಅಲ್ಲಿಂದ ಕದಲಲಿಲ್ಲ.

ಅದರಲ್ಲಿ ಒಂದು ಹೃದಯ ಇತ್ತು. ನಾನು ಹಬ್ಬದ ಕಾರ್ಡಿನ ಕೆಂಪು ಹೃದಯ ನೋಡಿದವಳು. ಇದು ಬೂದು ಬಣ್ಣದ್ದು, ನನ್ನ ಮುಷ್ಟಿಯಷ್ಟೇ ದೊಡ್ಡದು. ಒಳಗಿನ ಕವಾಟಗಳನ್ನು ತೋರಿಸಲು ಒಂದು ಬದಿ ಕೊಯ್ದು ತೆರೆದಿದ್ದರು. ಆ ಕವಾಟಗಳು ಎಷ್ಟು ತೆಳ್ಳಗೆ! ಈರುಳ್ಳಿಯ ಒಳಪೊರೆಯಷ್ಟು. ಅವುಗಳಿಗೆ ದಾರಗಳಂತಹ ಎಳೆಗಳು, ಹಿಂದಕ್ಕೆ ಮಗುಚಿಕೊಳ್ಳದ ಹಾಗೆ ಕೆಳಗಿನಿಂದ ಹಿಡಿದುಕೊಂಡಿವೆ. ಹುಟ್ಟುವ ಮೊದಲೇ ಶುರುವಾಗಿ ಸಾಯುವವರೆಗೆ ಅವು ತೆರೆದು ಮುಚ್ಚುತ್ತಲೇ ಇರುತ್ತವೆ. ನನ್ನ ಎದೆಯಲ್ಲೂ ಆ ಕ್ಷಣ ಅದೇ ನಡೆಯುತ್ತಿತ್ತು. ನನಗೆ ಅಳು ಬಂತು, ಯಾಕೆಂದು ಈಗಲೂ ಹೇಳಲಾರೆ.

ಮತ್ತೊಂದು ಜಾಡಿಯಲ್ಲಿ ಮಾಸು ಇತ್ತು. ಹೆರಿಗೆಯ ಮನೆಯಲ್ಲಿ ಮಗು ಬಂದ ಮೇಲೆ ಬರುವ ಮಾಸನ್ನು ನಮ್ಮ ಕಡೆ ಮಣ್ಣಿನ ಅಡಿ ಹಾಕಿ ಮುಗಿಸುತ್ತಾರೆ, ಯಾರೂ ತಿರುಗಿ ನೋಡುವುದಿಲ್ಲ. ಇಲ್ಲಿ ಅದನ್ನು ನೀರಿನಲ್ಲಿ ಹರಡಿ ಇಟ್ಟಿದ್ದರು. ಹೊಕ್ಕುಳಬಳ್ಳಿಯಿಂದ ರಕ್ತನಾಳಗಳು ಕವಲೊಡೆದು, ಕವಲಿನಿಂದ ಕವಲು ಒಡೆದು, ಕೊನೆಗೆ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಹೋಗಿದ್ದವು. ಅಲ್ಲಿ ಪಾಠ ಮಾಡುತ್ತಿದ್ದ ಮೇಷ್ಟ್ರು ಹೇಳಿದರು: “ಇಲ್ಲಿ ತಾಯಿಯ ರಕ್ತವೂ ಮಗುವಿನ ರಕ್ತವೂ ಎದುರುಬದುರು ಹರಿಯುತ್ತವೆ. ಊಟ, ಗಾಳಿ ಎಲ್ಲ ಕೊಡುತ್ತವೆ, ತೆಗೆದುಕೊಳ್ಳುತ್ತವೆ. ಆದರೆ ರಕ್ತ ಮಾತ್ರ ಬೆರೆಯುವುದಿಲ್ಲ.” ತಾಯಿಯ ರಕ್ತವೇ ಮಗುವಿನ ಮೈಯಲ್ಲಿ ಹರಿಯುತ್ತದೆ ಎಂದು ನಾನು ಅಲ್ಲಿಯವರೆಗೆ ನಂಬಿದ್ದೆ. ಬಹಳ ಜನ ಈಗಲೂ ನಂಬಿದ್ದಾರೆ. ಆ ದಿನ ಮನೆಗೆ ಹೋಗುವ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿದ್ದ ಬಸುರಿ ಹೆಂಗಸನ್ನು ನಾನು ಕಾರ್ಕಳದವರೆಗೂ ನೋಡುತ್ತ ಕೂತಿದ್ದೆ. ಅವಳು ಮುಖ ಆ ಕಡೆ ತಿರುಗಿಸಿಕೊಂಡಳು.

ಹೀಗೆ ನೋಡಿ ಬಂದವಳಿಗೆ ಹೇಳುವ ಉತ್ಸಾಹ ಜಾಸ್ತಿ. ಹೇಳಲಿಕ್ಕೆ ಪದಗಳೇ ಸಾಲದು. ನಮ್ಮಲ್ಲಿ ರಕ್ತ ಹೋಗುವುದಕ್ಕೂ ನರ, ಜುಂ ಎನ್ನುವುದಕ್ಕೂ ನರ, ಹಿಮ್ಮಡಿಯ ಹಿಂದೆ ಗಟ್ಟಿಯಾಗಿ ಕೈಗೆ ಸಿಗುವುದಕ್ಕೂ ನರ. ಮೂರನ್ನೂ ಬೇರೆ ಮಾಡಿ ತಿಳಿಸಬೇಕಾದರೆ ಒಂದು ಬೆಳಗ್ಗೆ ಕಳೆಯುತ್ತಿತ್ತು. ಹೆಂಗಸರನ್ನೆಲ್ಲ ಕೊಂಕಣಿಯಲ್ಲಿ ‘ಬಾಯಿ’ ಎಂದೇ ಕರೆಯುತ್ತಿದ್ದ ಶಿರ್ವದ ಸಿಸಿಲಿಯಾ ಬಾಯಿ ಎಂಬ ಅಜ್ಜಿಗೆ ಕಿಡ್ನಿಯ ತೊಂದರೆ. ಕಿಡ್ನಿ ಎಂದರೆ ಸೋಸುವ ಬಟ್ಟೆಯ ಹಾಗೆ, ರಕ್ತದ ಕಸ ಹಿಡಿದು ಹೊರಗೆ ಕಳಿಸುತ್ತದೆ ಎಂದು ಬಹಳ ಚೆನ್ನಾಗಿ ಹೇಳಿದೆ ಎಂದು ನಾನೇ ಬೀಗಿದೆ. ತಿರುಗಿ ಹೇಳಿಸಿದಾಗ ಅಜ್ಜಿ, “ಗೊತ್ತಾಯ್ತು ಬಾಯಿ. ಬಟ್ಟೆಗೆ ಕೊಳೆ ಹಿಡಿದದ್ದು. ವರ್ಷಕ್ಕೊಮ್ಮೆ ಹೊರಗೆ ತೆಗೆದು ಒಗೆಯಲಿಕ್ಕೆ ಆಗ್ತದಾ ಅಂತ ಡಾಕ್ಟ್ರನ್ನು ಕೇಳು” ಎಂದರು. ವಾರ್ಡಿಗೆ ವಾರ್ಡೇ ನಕ್ಕಿತು. ಎಂಬತ್ತರ ದಶಕದಲ್ಲಿ ರಕ್ತವನ್ನು ಕೊಳವೆಯಲ್ಲಿ ಹೊರಗೆ ತಂದು, ಯಂತ್ರದಲ್ಲಿ ಸೋಸಿ, ತಿರುಗಿ ಒಳಗೆ ಬಿಡುವುದನ್ನು ನಾನು ಮೊದಲ ಸಲ ನೋಡಿದಾಗ ಆ ಅಜ್ಜಿಯ ನೆನಪಾಯಿತು. ಆಗ ಅವರು ಇರಲಿಲ್ಲ. ಇದ್ದಿದ್ದರೆ ಹೋಗಿ ಹೇಳುತ್ತಿದ್ದೆ, ಬಾಯಿ, ನೀವು ಕೇಳಿದ್ದು ಆಗ್ತದಂತೆ ಎಂದು.

ಕಾಪುವಿನ ಅಬೂಬಕರ್ ಸಾಹೇಬರದು ಇನ್ನೊಂದು. ದಿನಸಿ ಅಂಗಡಿಯವರು, ಎದೆ ಹೊಡೆದುಕೊಳ್ಳುತ್ತದೆ ಎಂದು ಬಂದಿದ್ದರು. ಎದೆಗೆ ತಂತಿ ಹಚ್ಚಿ ಉದ್ದದ ಕಾಗದದಲ್ಲಿ ಗೆರೆ ತೆಗೆದರು. ಎಲ್ಲ ನಾರ್ಮಲ್ ಎಂದರು. ಸಾಹೇಬರಿಗೆ ಸಮಾಧಾನ ಆಗಲಿಲ್ಲ. “ನಾರ್ಮಲ್ ಅಂದ್ರೆ ಎಂತ ಇಲ್ಲ ಅಂತ. ಎಂತ ಇಲ್ಲದಿದ್ರೆ ಈ ಹೊಡೆದುಕೊಳ್ಳುವುದು ಯಾರದ್ದು, ಪಕ್ಕದ ಅಂಗಡಿಯವನದ್ದಾ?” ಎಂದು ನನ್ನನ್ನೇ ಕೇಳಿದರು. ನಾನು ಆ ಕಾಗದವನ್ನು ಅವರ ಮಂಚದ ಮೇಲೆ ಹಾಸಿ ಒಂದೊಂದು ಗೆರೆ ತೋರಿಸಿದೆ. ಇಲ್ಲಿ ಹೃದಯದ ಒಳಗೇ ಒಂದು ಸಣ್ಣ ಮಿಂಚು ಏಳುತ್ತದೆ, ಇಲ್ಲಿ ಅದು ಕೆಳಗೆ ಇಳಿಯುತ್ತದೆ, ಇಲ್ಲಿ ಹೃದಯ ಹಿಂಡಿಕೊಳ್ಳುತ್ತದೆ, ಇಲ್ಲಿ ಇನ್ನೊಂದಕ್ಕೆ ತಯಾರಾಗುತ್ತದೆ. ಹೊರಗಿನಿಂದ ಯಾರೂ ಹೇಳಬೇಕಾಗಿಲ್ಲ, ಅದೇ ಶುರು ಮಾಡಿಕೊಳ್ಳುತ್ತದೆ.

“ನಿದ್ದೆಯಲ್ಲಿ?”

“ನಿದ್ದೆಯಲ್ಲೂ.”

ಸಾಹೇಬರು ತುಂಬ ಹೊತ್ತು ಆ ಗೆರೆಗಳ ಮೇಲೆ ಬೆರಳಾಡಿಸಿದರು. ತಿರುಗಿ ಹೇಳಿ ಎಂದಾಗ ಅವರು ಹೇಳಿದ್ದು ಇಷ್ಟೇ: “ನಾನು ಶುಕ್ರವಾರ ಮಧ್ಯಾಹ್ನವಾದ್ರೂ ಅಂಗಡಿಗೆ ಬಾಗಿಲು ಹಾಕ್ತೇನೆ. ಇದಕ್ಕೆ ಅದೂ ಇಲ್ಲ ಅಲ್ವಾ.” ಭಾರ್ಗವ ಡಾಕ್ಟರಿಗೆ ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅವರು ನಗಲಿಲ್ಲ. ಸಾಹೇಬರ ಕೈ ಹಿಡಿದು ನಾಡಿ ನೋಡುವ ಹಾಗೆ ಸ್ವಲ್ಪ ಹೊತ್ತು ನಿಂತಿದ್ದು ಹೋದರು.

ಇವೆಲ್ಲ ನೆನಪಾಗುವುದು ಆಗಾಗ. ಲೀಲಾಳ ವಿಷಯ ಮಾತ್ರ ಯಾವಾಗಲೂ ನೆನಪಾಗುತ್ತದೆ.

ಲೀಲಾ ಉಚ್ಚಿಲದ ಮೀನುಗಾರರ ಮನೆಯವಳು. ಅವಳನ್ನು ಕಾಪುವಿಗೆ ಕೊಟ್ಟಿತ್ತು. ಗಂಡ ವಿಠಲ ರಂಪಣಿಯಲ್ಲಿ ಕೆಲಸ ಮಾಡುವವನು. ರಂಪಣಿ ಎಂದರೆ ದಡದಿಂದ ಹತ್ತಾರು ಜನ ಸೇರಿ ಎಳೆಯುವ ದೊಡ್ಡ ಬಲೆ, ಆ ವರ್ಷಗಳಲ್ಲಿ ನಮ್ಮ ಕಡಲಕರೆಯ ಜೀವನವೇ ಅದು. ಮಳೆಗಾಲ ಮುಗಿಯುತ್ತಿದ್ದಂತೆ ಲೀಲಾ ನಮ್ಮಲ್ಲಿಗೆ ಬಂದಳು, ಏಳು ತಿಂಗಳ ಬಸುರಿ. ಜೊತೆಗೆ ಅವಳ ತಾಯಿ ಕಲ್ಯಾಣಿಯಕ್ಕ ಮತ್ತು ಅಣ್ಣ ಸಂಜೀವ. ಲೀಲಾಳಿಗೆ ಮೊದಲು ಹುಟ್ಟಿದ ಹೆಣ್ಣುಮಗು ಗಟ್ಟಿಮುಟ್ಟಾಗಿ ಆಡಿಕೊಂಡಿತ್ತು. ಆಮೇಲೆ ಹುಟ್ಟಿದ ಎರಡು ಮಕ್ಕಳೂ ಹುಟ್ಟಿದ ಮರುದಿನವೇ ಅರಸಿನದ ಹಾಗೆ ಹಳದಿಯಾಗಿ ತೀರಿಕೊಂಡಿದ್ದವು. ಅವಳು ಮಾತಾಡುವಾಗ ಒಂದು ಕೈ ಹೊಟ್ಟೆಯ ಮೇಲೆಯೇ ಇರುತ್ತಿತ್ತು.

ರಕ್ತ ಪರೀಕ್ಷೆ ಮಾಡಿ ಡಾಕ್ಟರು ಕಾರಣ ಹೇಳಿದರು. ನಾನು ಸ್ಟೂಲು ಎಳೆದುಕೊಂಡೆ. ಮಾತೆಲ್ಲ ತುಳುವಿನಲ್ಲಿ ನಡೆದದ್ದು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹಳದಿ ಏಕೆ ಬರುತ್ತದೆ ಎನ್ನುವುದು ಕಲ್ಯಾಣಿಯಕ್ಕನಿಗೆ ಕೂಡಲೇ ಗೊತ್ತಾಯಿತು. ಮೀನು ಕೊಯ್ಯುವಾಗ ಪಿತ್ತದ ಚೀಲ ಒಡೆಯದ ಹಾಗೆ ಬೆರಳಲ್ಲಿ ಎತ್ತಿ ತೆಗೆಯುವುದು ಅವರ ದಿನದ ಕೆಲಸ. ರಕ್ತದ ಕಣ ಒಡೆದಾಗ ಹಳದಿ ಹುಟ್ಟುತ್ತದೆ, ದೊಡ್ಡವರಲ್ಲಿ ಲಿವರ್ ಅದನ್ನು ಪಿತ್ತಕ್ಕೆ ಸೇರಿಸಿ ಹೊರಗೆ ಹಾಕುತ್ತದೆ, ಹಸುಗೂಸಿನ ಲಿವರಿಗೆ ಅಷ್ಟು ಶಕ್ತಿ ಇಲ್ಲ, ಹಳದಿ ಮೈಗೇರಿ ಮಿದುಳಿಗೆ ಹೋಗುತ್ತದೆ ಎಂದೆ. ಅವರು ತಲೆ ಆಡಿಸಿದರು.

ಕಣ ಒಡೆಯುವುದು ಯಾಕೆ ಎನ್ನುವಲ್ಲಿ ಕಷ್ಟ ಬಂತು. ಹೆಚ್ಚಿನವರ ರಕ್ತದ ಕಣದ ಮೇಲೆ ಒಂದು ಗುರುತು ಇರುತ್ತದೆ, ಲೀಲಾಳಲ್ಲಿ ಆ ಗುರುತು ಇಲ್ಲ, ವಿಠಲನಲ್ಲಿ ಇದೆ. ಮಗುವಿಗೆ ಅದು ಅಪ್ಪನಿಂದ ಬಂದಿದೆ. ಹೆರಿಗೆಯ ಹೊತ್ತಿಗೆ ಮಗುವಿನ ರಕ್ತ ಸ್ವಲ್ಪ ತಾಯಿಯ ಮೈ ಸೇರುತ್ತದೆ. ಗುರುತು ಕಂಡ ತಾಯಿಯ ರಕ್ತ ಅದನ್ನು ಒಡೆಯಲು ಕಲಿಯುತ್ತದೆ. ರಕ್ತ ಬೆರೆಯದಿದ್ದರೂ ಆ ಒಡೆಯುವ ಅಂಶ ಮಾಸನ್ನು ದಾಟಿ ಹೋಗಿ ಮುಂದಿನ ಮಕ್ಕಳ ರಕ್ತವನ್ನೂ ಒಡೆಯುತ್ತದೆ. ನಾನು ಇದಿಷ್ಟನ್ನೂ ನಿಧಾನವಾಗಿ ಹೇಳಿದೆ. ಹುಟ್ಟಿದ ಕೂಡಲೇ ಮಗುವಿನ ರಕ್ತವನ್ನು ತೆಗೆಯುತ್ತ ಗುರುತಿಲ್ಲದ ಬೇರೆ ರಕ್ತ ತುಂಬಿದರೆ ಉಳಿಸಬಹುದು ಎಂದೂ ಹೇಳಿದೆ. ಡಾಕ್ಟರು ಬಂದು ಸಂಜೀವನತ್ತ ನೋಡಿ “ತಿರುಗಿ ಹೇಳಿ” ಎಂದರು.

ಸಂಜೀವ ಎದ್ದು ನಿಂತ. ಗಂಭೀರ ಮನುಷ್ಯ, ಮಾತು ಕಡಿಮೆ. “ಗೊತ್ತಾಯ್ತು. ಹೊರಗಿನ ಬಳಿಯ ರಕ್ತ ನಮ್ಮ ಬಳಿಯ ಹೊಟ್ಟೆಗೆ ಆಗಿಬರುವುದಿಲ್ಲ. ತಪ್ಪು ಬಾವನ ರಕ್ತದ್ದು. ತಂಗಿ ಇನ್ನು ಕಾಪುವಿಗೆ ಹೋಗುವುದು ಬೇಡ.”

ಹೊರಗಿನವರಿಗೆ ಇದು ತಿಳಿಯಲಿಕ್ಕಿಲ್ಲ. ನಮ್ಮ ತುಳುವರ ಬಹಳ ಮನೆಗಳಲ್ಲಿ ಬಳಿ, ಎಂದರೆ ವಂಶದ ಹೆಸರು, ತಾಯಿಯಿಂದ ಬರುತ್ತದೆ. ಮಗು ತಾಯಿಯ ಮನೆಯದ್ದು. ಅದರ ಮೇಲೆ ಅಧಿಕಾರ ಇರುವುದು ಸೋದರಮಾವನಿಗೆ. ಅಪ್ಪ ಬೇರೆ ಬಳಿಯವನು, ಪ್ರೀತಿಯ ನೆಂಟ. ಸಂಜೀವ ನನ್ನ ಒಂದೊಂದು ಮಾತನ್ನೂ ಸರಿಯಾಗಿ ಕೇಳಿಸಿಕೊಂಡಿದ್ದ. ಕೇಳಿಸಿಕೊಂಡದ್ದನ್ನು ತನ್ನ ಮನೆಯ ಕಟ್ಟಿನೊಳಗೆ ಇಟ್ಟು ನೋಡಿದಾಗ ಅವನಿಗೆ ಕಂಡದ್ದು ಇದು. ಲೀಲಾ ಸದ್ದಿಲ್ಲದೆ ಅಳುತ್ತಿದ್ದಳು. ಡಾಕ್ಟರಿಗೆ ಇಂಗ್ಲಿಷಿನಲ್ಲಿ ಹೇಳಿದೆ. “ಇವರು ಹೀಗೆ ಮನೆಗೆ ಹೋಗಬಾರದು” ಎಂದರು. ಆದರೆ ಅವರು ಹೋದರು. ಮಗುವಿನಲ್ಲಿ ಆ ರಕ್ತ ಈಗಾಗಲೇ ಬಂದಾಗಿದೆ, ಇನ್ನು ಆಸ್ಪತ್ರೆಯವರು ಎಂತ ಮಾಡುವುದು ಎನ್ನುವುದು ಸಂಜೀವನ ಮಾತು. ಹೆರಿಗೆ ಉಚ್ಚಿಲದ ಮನೆಯಲ್ಲೇ ಎಂದ.

ನಾಲ್ಕು ದಿನ ಕಳೆದು ವಿಠಲ ಬಂದ. ಅವನಿಗೆ ಸುದ್ದಿ ಮುಟ್ಟಿತ್ತು. ಬಂದವನು ಅಂಗಿಯ ತೋಳು ಮೇಲೆ ಸರಿಸಿ, “ಅಕ್ಕ, ನನ್ನ ರಕ್ತ ಎಷ್ಟು ಬೇಕಾದ್ರೂ ತೆಗೀರಿ. ನನ್ನ ಮಗು” ಎಂದ. ನಿನ್ನ ರಕ್ತ ಆಗುವುದಿಲ್ಲ ಎಂದು ಅವನಿಗೆ ಹೇಳಬೇಕಾದವಳು ನಾನೇ. ಹೇಳಿದೆ. ಅವನು ತನ್ನ ತೋಳನ್ನು ಹೊಸದಾಗಿ ನೋಡುವ ಹಾಗೆ ನೋಡಿಕೊಂಡ. “ಇದ್ರಲ್ಲಿ ವಿಷ ಉಂಟಾ ಅಕ್ಕ?” ಎಂದು ಕೇಳಿದ. ಇಲ್ಲಪ್ಪ, ನನ್ನದೂ ಇದೇ ರಕ್ತ, ಊರಲ್ಲಿ ಹೆಚ್ಚಿನವರದ್ದು ಇದೇ ರಕ್ತ ಎಂದೆ. ಅವನು ನಂಬಿದ ಹಾಗೆ ಕಾಣಲಿಲ್ಲ.

ಅದಾದ ಮೇಲೆ ಒಂದು ಬೆಳಗ್ಗೆ ಆಸ್ಪತ್ರೆಯ ಅಂಗಳಕ್ಕೆ ಒಂದು ಲಾರಿ ಬಂದು ನಿಂತಿತು. ವಿಠಲನ ರಂಪಣಿಯ ಜನ ಪೂರ್ತಿ ಅದರಲ್ಲಿತ್ತು. ಬಲೆ ಎಳೆಯುವುದನ್ನು ಬಿಟ್ಟು ಬಂದಿದ್ದರು. ಬರಿಗಾಲು, ಉಪ್ಪು ಹತ್ತಿದ ಮೈ, ಕಡಲಿಗೆ ಹೆದರದ ಆ ಗಂಡಸರು ಸೂಜಿ ನೋಡಿ ಬೆವರುತ್ತಿದ್ದರು. ರಕ್ತ ಕೊಟ್ಟರೆ ಮತ್ತೆ ದೋಣಿಯ ಹುಟ್ಟು ಹಾಕಲು ತೋಳಿಗೆ ಬಲ ಇರುವುದಿಲ್ಲ ಎಂಬ ಭಯ ಆಗ ಎಲ್ಲರಿಗೂ ಇತ್ತು. ಆದರೂ ಒಬ್ಬನೂ ಸಾಲು ಬಿಟ್ಟು ಹೋಗಲಿಲ್ಲ. ಒಬ್ಬೊಬ್ಬರ ಬೆರಳು ಚುಚ್ಚಿ ಹನಿ ತೆಗೆದು ಬಿಳಿ ಬಿಲ್ಲೆಯ ಮೇಲೆ ಔಷಧಕ್ಕೆ ಕಲಸಿದರು. ನೋಡಲು ಎಲ್ಲ ಒಂದೇ ಕೆಂಪು. ಎಷ್ಟು ಒಂದೇ ಆಗಿದ್ದರೂ ಒಳಗೆ ಎಷ್ಟು ಬೇರೆ! ಗುರುತು ಇಲ್ಲದವರು ಒಬ್ಬಿಬ್ಬರು ಸಿಕ್ಕಿದರು, ಅವರ ಗುಂಪು ಹೊಂದಲಿಲ್ಲ. ಲಾರಿ ತಿರುಗಿ ಹೋಯಿತು.

“ತಾಯಿಯ ಒಡಹುಟ್ಟಿದವರನ್ನು ನೋಡಬೇಕು, ಅಲ್ಲಿ ಸಿಗುವ ಸಾಧ್ಯತೆ ಜಾಸ್ತಿ” ಎಂದರು ಡಾಕ್ಟರು. ಲೀಲಾಳಿಗೆ ಒಡಹುಟ್ಟಿದವನು ಸಂಜೀವ ಒಬ್ಬನೇ. ನಾನು ಉಚ್ಚಿಲದ ಬಸ್ಸು ಹತ್ತಿದೆ.

ಅವರ ಮನೆ ಕಡಲಿಗೆ ಹತ್ತಿರ. ಅಂಗಳಕ್ಕೆ ಕಾಲಿಟ್ಟದ್ದೇ ತಡ, ಒಂದು ಕಪ್ಪು ನಾಯಿ ನನ್ನ ಮೇಲೆ ಏರಿ ಬಂತು. ನಾನು ಕೊಡೆ ಅಡ್ಡ ಹಿಡಿದು ಕಿರಿಚಿಕೊಂಡೆ. ಕಲ್ಯಾಣಿಯಕ್ಕ ಮೀನಿನ ಕೈಯಲ್ಲೇ ಓಡಿಬಂದು ನಾಯಿಯನ್ನು ಗದರಿಸಿದರು. ಲೀಲಾ ಜಗಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಸಂಜೀವ ಬಲೆಯ ಹರಕು ಕಟ್ಟುತ್ತಿದ್ದವನು ತಲೆ ಎತ್ತಿ, ಕೂತುಕೊಳ್ಳಿ ಎಂದು ಕೈಯಲ್ಲೇ ತೋರಿಸಿದ.

ದಾರಿಯುದ್ದಕ್ಕೂ ಏನೇನೋ ಮಾತು ಜೋಡಿಸಿಕೊಂಡು ಬಂದಿದ್ದೆ. ಎದೆ ಇನ್ನೂ ಹೊಡೆದುಕೊಳ್ಳುತ್ತಿತ್ತು, ಅದೆಲ್ಲ ಮರೆತುಹೋಯಿತು. “ಎಂಥ ನಾಯಿ ಮಾರಾಯ್ರೆ ನಿಮ್ಮದು” ಎಂದೆ.

“ಒಳ್ಳೆ ನಾಯಿ” ಎಂದ ಸಂಜೀವ. “ಮನೆಯವರನ್ನು ಬಿಟ್ಟು ಯಾರನ್ನೂ ಬಿಡ್ಲಿಕ್ಕಿಲ್ಲ.”

“ಅದರದ್ದು ತಪ್ಪು ಉಂಟಾ?”

“ಅದರದ್ದು ಎಂತ ತಪ್ಪು? ಕಾಯುವುದು ಅದರ ಕೆಲಸ.”

“ಹಾಗಾದ್ರೆ ನನ್ನದು ತಪ್ಪಾ, ಬಂದದ್ದು?”

ಅವನ ಕೈ ಬಲೆಯ ಮೇಲೆ ನಿಂತಿತು. ನಾನು ಹೇಳಿದೆ, ಲೀಲಾಳ ರಕ್ತ ಕೆಟ್ಟದ್ದಲ್ಲ, ಅದು ಕಾಯುವ ರಕ್ತ. ವಿಠಲನ ರಕ್ತವೂ ಕೆಟ್ಟದ್ದಲ್ಲ, ಅದು ಬಂದ ನೆಂಟ. ಮೊದಲನೆಯ ಸಲ ನಾಯಿ ಮೂಸಿ ನೋಡಿ ಸುಮ್ಮನಿತ್ತು, ಆದ್ದರಿಂದ ದೊಡ್ಡ ಮಗಳು ಉಳಿದಳು. ಆಮೇಲೆ ಅದು ವಾಸನೆ ನೆನಪಿಟ್ಟುಕೊಂಡಿತು. ಬಳಿಗೂ ಇದಕ್ಕೂ ಸಂಬಂಧ ಇಲ್ಲ. ಒಂದೇ ಬಳಿಯಲ್ಲಿ ಗುರುತು ಇದ್ದವರೂ ಇರುತ್ತಾರೆ, ಇಲ್ಲದವರೂ ಇರುತ್ತಾರೆ. ಒಡಹುಟ್ಟಿದವನಾದ್ದರಿಂದ ನಿಮ್ಮ ರಕ್ತ ಮಗುವಿಗೆ ಆಗಬಹುದು ಎಂದೂ ಹೇಳಿದೆ. ಕಲ್ಯಾಣಿಯಕ್ಕ ಬಾಗಿಲಲ್ಲಿ ನಿಂತು, “ಅಂದ್ರೆ ನನ್ನ ಮಗಳದ್ದೂ ತಪ್ಪಲ್ಲ, ಅಳಿಯನದ್ದೂ ತಪ್ಪಲ್ಲ” ಎಂದರು. ಡಾಕ್ಟರು ಅಲ್ಲಿದ್ದಿದ್ದರೆ ಅವರನ್ನು ಆಗಲೇ ಪಾಸು ಮಾಡುತ್ತಿದ್ದರು.

ಸಂಜೀವ ಮಾತ್ರ ಬೇರೆಯದನ್ನೇ ಯೋಚಿಸುತ್ತಿದ್ದ. “ನನ್ನ ರಕ್ತ ಆಗಬಹುದು ಅಂತ ಹೇಳಿದ್ರಿ ಅಲ್ವಾ. ಮಗುವಿನದ್ದು ತೆಗೆದು ನನ್ನದು ಹಾಕಿದ್ರೆ, ಬಾವನದ್ದು ಪೂರ್ತಿ ಹೊರಗೆ ಹೋಯ್ತು. ಮಗು ಪೂರ್ತಿ ನಮ್ಮದಾಯ್ತು. ಹೌದಾ?”

ಅವನ ಮುಖದಲ್ಲಿ ಅಷ್ಟು ದಿನ ಇಲ್ಲದ ಒಂದು ಬೆಳಕು. ಹೌದು ಎಂದರೆ ಸಾಕಿತ್ತು, ಅವನು ಆ ಕ್ಷಣವೇ ಎದ್ದು ನನ್ನ ಜೊತೆ ಬರುತ್ತಿದ್ದ. ಲೀಲಾ ನನ್ನನ್ನೇ ನೋಡುತ್ತಿದ್ದಳು. ಒಂದು ಪದದಲ್ಲಿ ಮಗುವಿನ ಜೀವ ಉಳಿಯುತ್ತಿತ್ತು, ಅದೇ ಪದದಲ್ಲಿ ಆ ಮಗುವಿಗೆ ಅಪ್ಪ ಇಲ್ಲವಾಗುತ್ತಿದ್ದ.

“ಇಲ್ಲ” ಎಂದೆ. “ನಿಮ್ಮ ರಕ್ತ ಮಗುವಿನ ಮೈಯಲ್ಲಿ ಕೆಲವು ತಿಂಗಳು ಮಾತ್ರ ಇರ್ತದೆ. ಅಷ್ಟರಲ್ಲಿ ತಾಯಿಯಿಂದ ಬಂದ ಒಡೆಯುವ ಅಂಶ ಮುಗಿದುಹೋಗ್ತದೆ. ಆಮೇಲೆ ಮಗುವಿನ ಎಲುಬಿನ ಒಳಗೆ, ಮಜ್ಜೆಯಲ್ಲಿ, ಅದರದ್ದೇ ಹೊಸ ರಕ್ತ ಹುಟ್ತದೆ. ಅದಕ್ಕೆ ಅಪ್ಪನ ಗುರುತೇ ಇರ್ತದೆ. ಅದನ್ನು ಯಾರೂ ತೆಗೀಲಿಕ್ಕೆ ಆಗುವುದಿಲ್ಲ.”

“ಹಾಗಾದ್ರೆ ನಾನು ಕೊಟ್ಟದ್ದು?”

“ಅಲ್ಲಿವರೆಗೆ ಕಾದು ಕೂರ್ತದೆ. ಆಮೇಲೆ ಹೋಗ್ತದೆ.”

ಅವನು ಬಲೆ ಕೆಳಗಿಟ್ಟು ಕಡಲ ಕಡೆ ನಡೆದುಹೋದ. ನಾನು ಕಲ್ಯಾಣಿಯಕ್ಕ ಕೊಟ್ಟ ಚಾ ಕುಡಿದು ಬಸ್ಸು ಹತ್ತಿದೆ. ಎಲ್ಲವನ್ನೂ ಕೆಡಿಸಿ ಬಂದೆ ಅನ್ನಿಸಿ ಉಡುಪಿ ಬರುವವರೆಗೂ ಕಣ್ಣೊರೆಸಿಕೊಳ್ಳುತ್ತಿದ್ದೆ. ಡಾಕ್ಟರಿಗೆ ನಡೆದದ್ದು ಹೇಳಿದಾಗ ಅವರು ಬೈಯಲೂ ಇಲ್ಲ, ಹೊಗಳಲೂ ಇಲ್ಲ. “ಇನ್ನು ಕಾಯುವುದು” ಎಂದರು.

ಲೀಲಾಳಿಗೆ ತಿಂಗಳು ತುಂಬುವ ಮೊದಲೇ ನೋವು ಬಂತು. ಬೆಳಗ್ಗೆ ನಾನು ಕೆಲಸಕ್ಕೆ ಬಂದಾಗ ಹೆರಿಗೆ ವಾರ್ಡಿನ ಬಾಗಿಲಲ್ಲಿ ಸಂಜೀವ ನಿಂತಿದ್ದ. ಬಾಡಿಗೆ ಕಾರು ಮಾಡಿಕೊಂಡು ತಂಗಿಯನ್ನು ಕರೆತಂದಿದ್ದ. ನನ್ನನ್ನು ಕಂಡವನೇ ತೋಳು ಮುಂದೆ ಮಾಡಿ, “ತೆಗೀರಿ” ಎಂದ. ಅಷ್ಟೇ. ಪರೀಕ್ಷೆ ಮಾಡಿದರು. ಗುರುತಿಲ್ಲದ ರಕ್ತ, ಗುಂಪೂ ಹೊಂದಿತು. ಸುದ್ದಿ ತಿಳಿದು ವಿಠಲ ಕಾಪುವಿನಿಂದ ಬಂದ. ಬಾವ ಬಾವಂದಿರು ಒಂದೇ ಬೆಂಚಿನ ಎರಡು ತುದಿಗಳಲ್ಲಿ ಕೂತರು.

ಗಂಡುಮಗು, ಕೈಯಷ್ಟು ಉದ್ದ. ಹುಟ್ಟಿದ ಸ್ವಲ್ಪ ಹೊತ್ತಿನಲ್ಲೇ ಹಳದಿ ಕಾಣತೊಡಗಿತು. ಮಧ್ಯಾಹ್ನ ಶುರು ಮಾಡಿದರು. ನನಗೆ ಬಾಗಿಲ ಬಳಿ ನಿಲ್ಲಲು ಅಪ್ಪಣೆ ಸಿಕ್ಕಿತು, ಹೊರಗಿನವರಿಗೆ ಆಗಾಗ ಹೋಗಿ ಹೇಳಬೇಕಲ್ಲ. ಆಗ ರಕ್ತ ಗಾಜಿನ ಬಾಟಲಿಯಲ್ಲಿ ಇರುತ್ತಿತ್ತು. ಹೊಕ್ಕುಳಬಳ್ಳಿಯ ಬುಡದಲ್ಲಿ ಇನ್ನೂ ತೆರೆದಿದ್ದ ನಾಳಕ್ಕೆ ಸಪೂರದ ಕೊಳವೆ ಸೇರಿಸಿ, ಭಾರ್ಗವ ಡಾಕ್ಟರು ಗಾಜಿನ ಸಿರಿಂಜಿನಲ್ಲಿ ಒಂದಿಷ್ಟು ರಕ್ತ ಎಳೆಯುವರು, ಚೆಲ್ಲುವರು. ಅಷ್ಟೇ ರಕ್ತ ಬಾಟಲಿಯಿಂದ ತೆಗೆದು ನಿಧಾನವಾಗಿ ಒಳಗೆ ಬಿಡುವರು. ಒಬ್ಬ ನರ್ಸ್ ಹೊರಗೆ, ಒಳಗೆ, ಹೊರಗೆ, ಒಳಗೆ ಎಂದು ಹೇಳುತ್ತಿದ್ದಳು. ಇನ್ನೊಬ್ಬಳು ಮಗುವಿನ ಎದೆಗೆ ಕಿವಿ ಇಟ್ಟ ಹಾಗೆ ಸ್ಟೆತಸ್ಕೋಪ್ ಹಿಡಿದಿದ್ದಳು. ಇಡೀ ದೇಹದ ರಕ್ತ ಬದಲಾಗುತ್ತಿದೆ, ಮಗು ಮಾತ್ರ ಅದೇ ಮಗು. ಕಾಲು ಆಡಿಸುತ್ತಿತ್ತು, ಒಮ್ಮೆ ಆಕಳಿಸಿತು. ನನಗೆ ಮೈ ನವಿರೆದ್ದಿತು. ರಕ್ತ ಹೋದರೆ ಮನುಷ್ಯ ಹೋದ ಎಂದು ತಿಳಿದಿದ್ದೆ. ರಕ್ತ ಬೇರೆ, ಅದನ್ನು ಹೊತ್ತು ನಡೆಸುವುದು ಬೇರೆ, ಅದು ಏನೆಂದು ಯಾವ ಜಾಡಿಯಲ್ಲೂ ನಾನು ನೋಡಿರಲಿಲ್ಲ. ಸಂಜೆಯ ಹೊತ್ತಿಗೆ ಡಾಕ್ಟರು ಸಿರಿಂಜು ಕೆಳಗಿಟ್ಟು ಬೆನ್ನು ನೆಟ್ಟಗೆ ಮಾಡಿಕೊಂಡರು. ಮಗು ಅತ್ತಿತು, ಜೋರಾಗಿ. ಹೊರಗೆ ಬೆಂಚಿನ ಎರಡೂ ತುದಿಗಳವರು ಒಟ್ಟಿಗೆ ಎದ್ದು ನಿಂತದ್ದನ್ನು ನಾನು ಕಂಡೆ.

ಮಗು ಉಳಿಯಿತು. ಆದರೆ ಆಸ್ಪತ್ರೆಯಿಂದ ಲೀಲಾ ಹೋದದ್ದು ಉಚ್ಚಿಲಕ್ಕೆ. ಬಾಣಂತನ ತಾಯಿಯ ಮನೆಯಲ್ಲೇ ಆಗಬೇಕಾದ್ದು, ಅದರಲ್ಲಿ ವಿಶೇಷ ಇಲ್ಲ. ಅದು ಮುಗಿದ ಮೇಲೆ ಏನು ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ವಿಠಲ ಮಗುವನ್ನು ಎತ್ತಿಕೊಳ್ಳದೆ, ದೂರದಿಂದ ನೋಡಿ ಹೋಗಿದ್ದ.

ಕೆಲವು ತಿಂಗಳು ಕಳೆದು, ಸೆಖೆ ಶುರುವಾಗುವ ಹೊತ್ತಿಗೆ, ಮಗುವಿನ ರಕ್ತ ಪರೀಕ್ಷೆಗೆ ಎಲ್ಲರೂ ಬಂದರು. ವಿಠಲನಿಗೂ ಬರಲು ಹೇಳಿ ಕಳಿಸಿದ್ದೆ. ಮಗು ಗುಂಡಗುಂಡಗೆ ಆಗಿತ್ತು. ಬಿಳಿ ಬಿಲ್ಲೆಯ ಮೇಲೆ ಹನಿ ಇಟ್ಟು ಕಲಸಿದರು. ಮಗು ಹುಟ್ಟಿದ ದಿನ ಇದೇ ಬಿಲ್ಲೆಯ ಮೇಲೆ ಮಾವನ ರಕ್ತ ಸುಮ್ಮನೆ ನುಣ್ಣಗೆ ಹರಡಿತ್ತು. ಈಗ ಹನಿ ಮೆಲ್ಲ ಮೆಲ್ಲನೆ ಕಾಳುಕಾಳಾಗಿ ಕಟ್ಟಿಕೊಂಡಿತು. ಗುರುತು ಇದೆ ಎಂದು ಅರ್ಥ. ಕತ್ತಲೆಯ ಎಲುಬಿನೊಳಗೆ ಯಾರಿಗೂ ಕಾಣದೆ ಮಗು ತನ್ನ ರಕ್ತವನ್ನು ತಾನೇ ಮಾಡಿಕೊಂಡಿತ್ತು.

ನಾನು ಅದನ್ನು ಎಲ್ಲರ ಎದುರು ಹೇಳಿದೆ. ಸಂಜೀವ ಬಿಲ್ಲೆಯ ಮೇಲೆ ಬಾಗಿ ನೋಡಿದ. “ನನ್ನದು ಹೋಯ್ತಾ?”

“ಹೋಯಿತು. ಕೆಲಸ ಮುಗಿಸಿ ಹೋಯಿತು.”

ಭಾರ್ಗವ ಡಾಕ್ಟರು ಅವನತ್ತ ತಿರುಗಿ ಮೆಲ್ಲಗೆ, “ತಿರುಗಿ ಹೇಳಿ” ಎಂದರು.

ಸಂಜೀವ ಕಲ್ಯಾಣಿಯಕ್ಕನ ಮಡಿಲಿನಿಂದ ಮಗುವನ್ನು ಎತ್ತಿಕೊಂಡ. ಡಾಕ್ಟರಿಗೆ ಬೆನ್ನು ಹಾಕಿ ವಿಠಲನ ಎದುರು ಹೋಗಿ ನಿಂತ.

“ಬಾವ, ಮಳೆಗಾಲದಲ್ಲಿ ದೋಣಿಯನ್ನು ಮೇಲೆ ಎಳೆದು ತೆಂಗಿನ ಮಡಲು ಹೊದೆಸಿ ಕಾಯ್ತೇವಲ್ಲ, ನಾನು ಮಾಡಿದ್ದು ಅಷ್ಟೇ. ಮಳೆಗಾಲ ಮುಗೀತು. ದೋಣಿ ನಿಮ್ಮದು. ತಗೊಳ್ಳಿ.”

ವಿಠಲ ಕೈ ಚಾಚಿದ. ಮಗುವನ್ನು ಎದೆಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿ ನಿಂತುಬಿಟ್ಟ. ಡಾಕ್ಟರು ನನ್ನನ್ನು ನೋಡಿ ಇಂಗ್ಲಿಷಿನಲ್ಲಿ, “ಸರಿಯಾಗಿ ಹೇಳಿದರಾ?” ಎಂದು ಕೇಳಿದರು.

“ನಾನು ಹೇಳಿದ್ದಕ್ಕಿಂತ ಸರಿಯಾಗಿ, ಸರ್” ಎಂದೆ.

ಎಂಬತ್ತರ ದಶಕದಲ್ಲಿ ಇಂಥ ತಾಯಂದಿರಿಗೆ ಮೊದಲ ಹೆರಿಗೆಯಾದ ಕೂಡಲೇ ಒಂದು ಇಂಜೆಕ್ಷನ್ ಕೊಡುವುದು ನಮ್ಮಲ್ಲಿ ರೂಢಿಗೆ ಬಂತು. ತಾಯಿಯ ರಕ್ತ ಆ ಗುರುತನ್ನು ನೆನಪಿಟ್ಟುಕೊಳ್ಳುವ ಮೊದಲೇ ತಡೆಯುವ ಮದ್ದು. ಹಳದಿಯಾಗಿ ತೀರಿಹೋಗುವ ಮಕ್ಕಳು ಕಡಿಮೆಯಾದರು. ಗಾಜಿನ ಬಾಟಲಿ ಹೋಗಿ ಪ್ಲಾಸ್ಟಿಕ್ ಚೀಲ ಬಂತು. ಭಾರ್ಗವ ಡಾಕ್ಟರು ತಮ್ಮ ಊರಿಗೆ ಹೋದರು. ತಿರುಗಿ ಹೇಳಿಸುವುದನ್ನು ನಾನು ನಿವೃತ್ತಿಯ ದಿನದವರೆಗೂ ಬಿಡಲಿಲ್ಲ. ನೀವೂ ಬಿಡಬೇಡಿ.

ಮಗುವಿನ ರಕ್ತ ಪರೀಕ್ಷೆಯಾದ ಆ ದಿನ ಲೀಲಾಳ ಮನೆಯವರು ಹೊರಡುವಾಗ ನಾನು ಬಸ್ ನಿಲ್ದಾಣದವರೆಗೆ ಹೋಗಿದ್ದೆ. ಆಸ್ಪತ್ರೆಯ ಬೆಂಚಿನ ಕೆಳಗೆ ಒಂದು ದೊಡ್ಡ ಬಟ್ಟೆಯ ಗಂಟು ಇದ್ದುದನ್ನು ಬೆಳಗ್ಗೆಯೇ ನೋಡಿದ್ದೆ. ಆಸ್ಪತ್ರೆಯಲ್ಲಿ ಉಳಿಯಬೇಕಾದೀತು ಎಂದು ತಂದಿರಬೇಕು ಎಂದುಕೊಂಡಿದ್ದೆ. ಅಲ್ಲ, ಅದು ಲೀಲಾಳ ಸೀರೆಗಳು, ಮಗುವಿನ ಬಟ್ಟೆ, ದೊಡ್ಡ ಮಗಳ ಸ್ಲೇಟು. ಪರೀಕ್ಷೆಯ ಫಲ ಬರುವ ಮೊದಲೇ, ಉಚ್ಚಿಲದಿಂದ ಹೊರಡುವಾಗಲೇ, ಸಂಜೀವ ಅದನ್ನು ಕಟ್ಟಿಸಿ ತಂದಿದ್ದ. ಬಸ್ಸು ಕಾಪುವಿನಲ್ಲಿ ನಿಂತಾಗ ಗಂಡ ಹೆಂಡತಿ ಮಕ್ಕಳು ಇಳಿದರಂತೆ. ಗಂಟು ಹೊತ್ತುಕೊಂಡು ಅವರ ಹಿಂದೆ ಮನೆಯವರೆಗೂ ಹೋದವನು ಸಂಜೀವ.